ಕಂದು ಬಣ್ಣದ ನಾಚಿಕೆ

ಅಗ್ಗದ ಆಟಿಕೆಗೆ ಹೊಸ ಬಣ್ಣ ಬಳಿದು ಅದನ್ನು ಯುದ್ಧಭೂಮಿ ಮಾಡೋದು ಒಂದು ಕಲೆ ಅಂತ ನಾನು ನಂಬಿದ್ದೀನಿ. ಕಲೆ ಅಂತ ನಂಬಿದ ಮೇಲೆ ಅದರ ಜೊತೆ ಜಗಳ ಆಡೋ ಹಕ್ಕೂ ಇರುತ್ತೆ ಅಲ್ವಾ? ನನ್ನ ಜಗಳ ಇಷ್ಟೇ. ಕೋಟೆ ಇರಲಿ, ಲಾರಿ ಇರಲಿ, ನೀರಿನ ಟ್ಯಾಂಕ್ ಇರಲಿ, ಎಲ್ಲವೂ ಕೊನೆಗೆ ಒಂದೇ ಬಣ್ಣಕ್ಕೆ ಬಂದು ನಿಲ್ಲುತ್ತವೆ: ತುಕ್ಕಿನ ಕಂದು, ಅದರ ಮೇಲೆ ಸ್ವಲ್ಪ ಬೂದು, ಅಂಚಿಗೆ ಸ್ವಲ್ಪ ಕಿತ್ತಳೆ. ಮೊದಲು ಹೇಗಿತ್ತು, ಆಮೇಲೆ ಹೇಗಾಯ್ತು ಅಂತ ಪಕ್ಕಪಕ್ಕ ಇಟ್ಟ ಎರಡು ಫೋಟೋ ನೋಡಿ "ವ್ಹಾ" ಅನ್ನುತ್ತೇವೆ. ನೂರನೇ ಸಲ "ವ್ಹಾ" ಅನ್ನುವಾಗ ಏನೋ ತಪ್ಪಿಹೋಗಿದೆ ಅಂತ ಅನ್ನಿಸಲ್ವಾ? ನನಗಂತೂ ಅನ್ನಿಸುತ್ತೆ.

ಈ ಲೋಕದ ಪರಿಚಯ ಇಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ಮಿನಿಯೇಚರ್ ಆಟ ಅಂದರೆ ಮೇಜಿನ ಮೇಲೆ ಪುಟ್ಟ ಗೊಂಬೆ ಸೈನಿಕರನ್ನು ಇಟ್ಟು, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ ಯುದ್ಧ ಮಾಡೋದು. ಹೆಚ್ಚಿನ ಗೊಂಬೆಗಳು 28 ಮಿಲಿಮೀಟರ್ ಅಳತೆಯವು, ಅಂದರೆ ನಿಮ್ಮ ಹೆಬ್ಬೆರಳಿನ ಅರ್ಧದಷ್ಟು. ಅವುಗಳ ಸುತ್ತ ಇರೋ ಮನೆ, ಗೋಡೆ, ಬಂಡೆ, ಸೇತುವೆಗಳಿಗೆ ಟೆರೇನ್ ಅಂತ ಹೆಸರು. ಇದು ಬರೀ ಅಲಂಕಾರ ಅಲ್ಲ. ಗೋಡೆ ಇದ್ದರೆ ಶತ್ರು ಕಾಣಲ್ಲ, ಬಂಡೆ ಇದ್ದರೆ ಅಡಗಬಹುದು, ಸೇತುವೆ ಒಂದೇ ಇದ್ದರೆ ಅದಕ್ಕಾಗಿ ಹೊಡೆದಾಟ. ಖಾಲಿ ಮೇಜಿನ ಮೇಲೆ ದೂರಕ್ಕೆ ಗುಂಡು ಹಾರಿಸೋ ಸೈನ್ಯವೇ ಗೆಲ್ಲುತ್ತೆ. ಆಟ ಮುಗಿಯೋಕೆ ಕಾಫಿ ಆರುವಷ್ಟು ಹೊತ್ತೂ ಬೇಡ. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು ಬಹುಕಾಲದ ರೂಢಿ. ಅಷ್ಟು ಜಾಗವನ್ನು ಕಂಪನಿಗಳು ಮಾರೋ ಅಧಿಕೃತ ಕಿಟ್‌ಗಳಿಂದಲೇ ತುಂಬಿಸ್ತೀನಿ ಅಂತ ಹೊರಟರೆ ನಮ್ಮೂರಲ್ಲಿ ಒಂದು ತಿಂಗಳ ಪೀಜಿ ಬಾಡಿಗೆ ದಾಟಿಹೋಗುತ್ತೆ. ಆದ್ದರಿಂದ ಜನ ಆಟಿಕೆ ಅಂಗಡಿಗೆ ಹೋಗ್ತಾರೆ. ಪ್ಲಾಸ್ಟಿಕ್ ಕೋಟೆ, ಮೀನಿನ ತೊಟ್ಟಿಗೆ ಹಾಕೋ ಮುರುಕಲು ಕಂಬ, ಜಾತ್ರೆಯಲ್ಲಿ ಸಿಗೋ ಲಾರಿ, ಮಕ್ಕಳು ಬಿಟ್ಟುಹೋದ ಡೈನೋಸಾರ್, ಎಲ್ಲವೂ ಕಚ್ಚಾ ಮಾಲು.

ಇದನ್ನು ಕೆಲವರು "ಬಡವರ ಟೆರೇನ್" ಅಂತಾರೆ. ದುಡ್ಡಿದ್ದಿದ್ದರೆ ಅಸಲಿ ಕೊಳ್ಳುತ್ತಿದ್ದರು, ಇಲ್ಲದ್ದಕ್ಕೆ ಈ ಸರ್ಕಸ್ಸು ಅನ್ನೋ ಧಾಟಿ. ಈ ಹವ್ಯಾಸದ ಚರಿತ್ರೆ ಅದಕ್ಕೆ ತದ್ವಿರುದ್ಧ. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಬರೆದಾಗ ಅವನ ರಣಭೂಮಿ ಮರದ ಇಟ್ಟಿಗೆ, ಹಲಗೆ, ಗಿಡದ ರೆಂಬೆಗಳಿಂದ ಆದದ್ದು. ಅವನ ಫಿರಂಗಿ ಸ್ಪ್ರಿಂಗ್‌ನಿಂದ ಹಾರಿಸೋ ಆಟಿಕೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದವರಲ್ಲಿ ಒಬ್ಬ, ತನ್ನ ಮೇಜಿಗೆ ರಾಕ್ಷಸರು ಬೇಕಾದಾಗ ಪ್ಯಾಕೆಟ್ಟಿನಲ್ಲಿ ಸಿಗುತ್ತಿದ್ದ, ಹಾಂಗ್‌ಕಾಂಗ್‌ನಲ್ಲಿ ತಯಾರಾದ ವಿಚಿತ್ರ ಪ್ಲಾಸ್ಟಿಕ್ ಪ್ರಾಣಿಗಳನ್ನು ಬಳಸಿಕೊಂಡ. ಕಬ್ಬಿಣವನ್ನು ತುಕ್ಕಾಗಿಸಿ ತಿನ್ನುವ 'ರಸ್ಟ್ ಮಾನ್ಸ್ಟರ್' ಆ ಪ್ಯಾಕೆಟ್ಟಿನಿಂದಲೇ ಎದ್ದು ಬಂದದ್ದು. ಬಾಲದ ತುದಿಯಲ್ಲಿ ಫ್ಯಾನಿನ ರೆಕ್ಕೆಯಂಥದ್ದು ಇದ್ದ ಆ ಆಟಿಕೆ ಯಾವ ಪ್ರಾಣಿಯನ್ನೂ ಹೋಲುತ್ತಿರಲಿಲ್ಲ. ಇದ್ಯಾವ ಪ್ರಾಣಿ ಅಂತ ಯಾರೋ ಯೋಚಿಸಿದ್ದಕ್ಕೇ ಹೊಸದೊಂದು ಹುಟ್ಟಿತು. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 1987ರಲ್ಲಿ 'ವಾರ್‌ಹ್ಯಾಮರ್ 40,000' ತಂದ ಕಾಲದಲ್ಲಿ, ಅವರದೇ 'ವೈಟ್ ಡ್ವಾರ್ಫ್' ಪತ್ರಿಕೆ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಟ್ಯಾಂಕ್ ಮಾಡೋದನ್ನು ಓದುಗರಿಗೆ ಕಲಿಸಿತ್ತು. 2017ರಲ್ಲಿ ಬಂದ 'ಗ್ಯಾಸ್‌ಲ್ಯಾಂಡ್ಸ್' ಅಂತೂ ಮಕ್ಕಳ ಪುಟಾಣಿ ಕಾರುಗಳನ್ನೇ ನಂಬಿಕೊಂಡ ಆಟ. ಅಂದರೆ ಅಗ್ಗದ ಆಟಿಕೆಯೇ ಈ ಹವ್ಯಾಸದ ಬೇರು, ಅಧಿಕೃತ ಕಿಟ್ ಆಮೇಲೆ ಬಂದ ಅತಿಥಿ.

ಹಾಗಾದರೆ ಬಣ್ಣ ಯಾಕೆ ಬಳೀಬೇಕು? ಆಟಿಕೆಯನ್ನು ಹಾಗೇ ಇಟ್ಟರೆ ಆಗಲ್ವಾ?

ಇಲ್ಲಿ ನನಗೆ ನಮ್ಮ ಕಡೆಯ ಬೊಂಬೆ ಹಬ್ಬ ನೆನಪಾಗುತ್ತೆ. ನವರಾತ್ರಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೊಂಬೆ ಕೂರಿಸಿ, ಪಕ್ಕದಲ್ಲಿ ಒಂದು ಪಾರ್ಕ್ ಮಾಡ್ತೀವಿ. ಮೊಳಕೆ ಬಂದ ರಾಗಿಯ ಹುಲ್ಲು, ಕನ್ನಡಿಯ ಕೆರೆ. ಕೆರೆ ದಂಡೇಲಿ ಬಸ್ಸಿಗಿಂತ ದೊಡ್ಡ ಬಾತುಕೋಳಿ, ಅದರ ಪಕ್ಕ ಅದಕ್ಕಿಂತ ಚಿಕ್ಕ ಹುಲಿ. ಯಾರಿಗೂ ತಕರಾರಿಲ್ಲ. ಯಾಕಂದ್ರೆ ಅಲ್ಲಿ ನಾವು ಹೊರಗೆ ನಿಂತು ನೋಡೋರು. ಒಂದೊಂದು ಬೊಂಬೆಗೂ ಒಂದೊಂದು ಕಥೆ, ಅಜ್ಜಿ ಕೊಟ್ಟದ್ದು, ತಿರುಪತಿಯಿಂದ ತಂದದ್ದು. ಬಾತುಕೋಳಿ ಬಾತುಕೋಳಿಯಾಗಿದ್ದರೆ ಸಾಕು. ಮಿನಿಯೇಚರ್ ಆಟದಲ್ಲಿ ನಾವು ಆ 28 ಮಿಲಿಮೀಟರ್ ಮನುಷ್ಯನ ಕಣ್ಣಿನಿಂದ ನೋಡಬೇಕು. ಅವನು ಆ ಬಾಗಿಲಲ್ಲಿ ನುಗ್ಗಬಲ್ಲನಾ? ಆ ಮೆಟ್ಟಿಲು ಹತ್ತಬಲ್ಲನಾ? ಆ ಗೋಡೆಯ ಹಿಂದೆ ಬಗ್ಗಿ ಕೂತರೆ ತಲೆ ಕಾಣುತ್ತಾ?

ಅದಕ್ಕೇ ಟೆರೇನಿನ ಮೊದಲ ವ್ಯಾಕರಣ ಬಾಗಿಲು. ಈ ಗೊಂಬೆಗಳು ಸುಮಾರು 1:56 ಪ್ರಮಾಣದವು. ನಿಜವಾದ ಎರಡು ಮೀಟರ್ ಬಾಗಿಲು ಇಲ್ಲಿ 36 ಮಿಲಿಮೀಟರ್ ಆಗುತ್ತೆ. ಕೋಟೆಯ ಗೋಪುರ ಎಷ್ಟೇ ಎತ್ತರ ಇರಲಿ ಕಣ್ಣು ಒಪ್ಪಿಕೊಳ್ಳುತ್ತೆ, ಗೋಪುರಗಳು ಎಲ್ಲಾ ಅಳತೆಯಲ್ಲೂ ಇರ್ತವೆ. ಬಾಗಿಲು, ಮೆಟ್ಟಿಲು, ಕಿಟಕಿ, ಇಟ್ಟಿಗೆ, ಕುರ್ಚಿ, ಇವು ಮನುಷ್ಯನ ದೇಹಕ್ಕೆ ಕಟ್ಟುಬಿದ್ದ ವಸ್ತುಗಳು. ಇವು ತಪ್ಪಿದರೆ ಮೋಸ ಸಿಕ್ಕಿಬೀಳುತ್ತೆ. ಚಿಕ್ಕ ಮಕ್ಕಳ ಕೋಟೆಯಲ್ಲಿ ಬಾಗಿಲು ದೊಡ್ಡದಾಗಿ, ಮೊಂಡು ಮೊಂಡಾಗಿ ಇರುತ್ತೆ. ಒಳ್ಳೆ ಕೆಲಸಗಾರ ಆ ದೊಡ್ಡ ಬಾಗಿಲನ್ನು ಹೆಬ್ಬಾಗಿಲು ಅಂತ ಒಪ್ಪಿಕೊಂಡು, ಅದರೊಳಗೇ ಬೆಂಕಿಕಡ್ಡಿಗಳಿಂದ ಒಂದು ಪುಟ್ಟ ದಿಡ್ಡಿಬಾಗಿಲು ಮಾಡ್ತಾನೆ. ಅಷ್ಟೇ! ಆಟಿಕೆ ಆ ಕ್ಷಣಕ್ಕೆ ಮೂರು ಪಟ್ಟು ದೊಡ್ಡದಾಗುತ್ತೆ, ಒಂದು ಹನಿ ಬಣ್ಣ ಬೀಳೋ ಮೊದಲೇ.

ಬಣ್ಣ ಮಾಡೋದೂ ಇದೇ ಕೆಲಸವನ್ನ. ದೊಡ್ಡ ಕಟ್ಟಡದ ಮೇಲೆ ಬಿಸಿಲು ಬಿದ್ದರೆ ಪ್ರತಿ ಸಂದಿಯಲ್ಲೂ ನೆರಳು ಇರುತ್ತೆ. ಅಂಗೈಯಗಲದ ಪ್ಲಾಸ್ಟಿಕ್ಕಿನ ಸಂದಿಗಳು ಅಷ್ಟು ನೆರಳು ಹಿಡಿಯಲಾರವು. ಹಾಗಾಗಿ ನೆರಳನ್ನು ಬಳಿದೇ ತರಬೇಕು. ನೀರಾಗಿಸಿದ ಗಾಢ ಬಣ್ಣ ಹರಿಯಬಿಟ್ಟರೆ ಅದು ಸಂದಿಗೆ ಹೋಗಿ ಕೂರುತ್ತೆ, ಅದಕ್ಕೆ ವಾಶ್ ಅಂತಾರೆ. ಬ್ರಷ್ಷಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಉಳಿದ ಒಣ ತುದಿಯನ್ನು ಮೇಲ್ಮೈಗೆ ಸವರಿದರೆ ಉಬ್ಬಿದ ಅಂಚುಗಳಷ್ಟೇ ಬೆಳಗುತ್ತವೆ, ಅದು ಡ್ರೈಬ್ರಷ್. ಒಂದು ಗಾಢ, ಒಂದು ತಿಳಿ. ಕೈಯಲ್ಲಿದ್ದದ್ದು ಕಟ್ಟಡ ಆಗೋದು ಇವೆರಡರ ನಡುವೆ.

ಅಗ್ಗದ ಪ್ಲಾಸ್ಟಿಕ್ಕಿಗೆ ಅದರದೇ ಹಠಗಳಿವೆ. ಅಚ್ಚಿನಿಂದ ಬಂದ ಜಿಡ್ಡು ಇರುತ್ತೆ, ಸೋಪಿನ ನೀರಲ್ಲಿ ತೊಳೆಯದಿದ್ದರೆ ಬಣ್ಣ ಸಿಪ್ಪೆ ಥರ ಏಳುತ್ತೆ. ಮೆತ್ತಗೆ ಬಾಗೋ ಪಿವಿಸಿ ಆಟಿಕೆ ಮೇಲೆ ಕೆಲವು ಸ್ಪ್ರೇ ಪ್ರೈಮರ್‌ಗಳು ವಾರ ಕಳೆದರೂ ಅಂಟಂಟಾಗೇ ಉಳೀತವೆ, ಅಲ್ಲಿ ಬ್ರಷ್ಷಿನಲ್ಲಿ ಬಳಿಯೋ ಅಕ್ರಿಲಿಕ್ ವಾಸಿ. ಥರ್ಮೋಕೋಲಿನ ಮೇಲೆ ಸ್ಪ್ರೇ ಹೊಡೆದರೆ ಅದು ಕರಗಿಹೋಗುತ್ತೆ, ಮೊದಲು ಫೆವಿಕಾಲ್ ಬೆರೆಸಿದ ಬಣ್ಣದ ಒಂದು ಕೋಟ್ ಬೇಕು. ಸ್ಕ್ರೂ ತೂತುಗಳನ್ನು, ಜೋಡಣೆಯ ಗೆರೆಯನ್ನು ಎಂ-ಸೀಲ್‌ನಿಂದ ಮುಚ್ಚಿ, ನುಣುಪು ಮೈಗೆ ಫೆವಿಕಾಲ್ ಬಳಿದು ಜರಡಿ ಹಿಡಿದ ಮರಳು ಉದುರಿಸಿದರೆ ಅರ್ಧ ಯುದ್ಧ ಗೆದ್ದ ಹಾಗೆ.

ಇಲ್ಲೀವರೆಗೂ ಎಲ್ಲಾ ಸರಿ. ತಕರಾರು ಶುರುವಾಗೋದು ಇದರ ಮುಂದೆ, ಯಾವ ಬಣ್ಣ ಅನ್ನೋ ಪ್ರಶ್ನೆಯಲ್ಲಿ.

ಅಕ್ಕನ ಮಗಳು, ಆರು ವರ್ಷದವಳು, ಒಂದು ಭಾನುವಾರ ನನ್ನ ಫೋನಿನಲ್ಲಿ ಇಂಥ ಟೇಬಲ್‌ಗಳ ಚಿತ್ರ ನೋಡ್ತಾ ಕೂತಿದ್ದಳು. ಒಂದೊಂದಾಗಿ ಸರಿಸಿ, ಕೊನೆಗೆ ಕೇಳಿದಳು, "ಮಾಮ, ಎಲ್ಲರ ಮನೇನೂ ಯಾಕೆ ಸುಟ್ಟೋಗಿದೆ?" ಯುದ್ಧ ಆಗಿದೆ ಪುಟ್ಟಿ ಅಂದೆ. "ಯುದ್ಧ ಇವಾಗ ತಾನೇ ಶುರು ಆಗೋದು?" ಅಂದಳು.

ಅವಳ ಮಾತಿನಲ್ಲಿ ಲಾಜಿಕ್ ಇತ್ತು. ನಾವು ಗೊಂಬೆ ಇಡೋ ಮೊದಲೇ ಊರನ್ನು ಕೊಂದು ಮುಗಿಸಿರ್ತೀವಿ. ಗುಲಾಬಿ ಕೋಟೆ, ಹಳದಿ ಲಾರಿ, ನೀಲಿ ಛಾವಣಿ, ಇವು ಮೊದಲು ಕಪ್ಪು ಪ್ರೈಮರ್ ಅಡಿ ಮುಳುಗ್ತವೆ, ಆಮೇಲೆ ಕಂದಾಗಿ ಏಳ್ತವೆ. ಯಾಕೆ? ಕಥೆ ಹಾಗೆ ಕೇಳಿತು ಅಂತಲ್ಲ. ನಮಗೆ ನಾಚಿಕೆ ಅಂತ. ಮೂವತ್ತರ ಆಸುಪಾಸಿನ, ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಓಡಾಡೋ ಗಂಡಸರು, ಹೆಂಗಸರು ನಾವು. ಮೇಜಿನ ಮೇಲೆ ಇರೋದು ಆಟಿಕೆ ಅಂತ ಯಾರಾದರೂ ಅಂದುಬಿಟ್ಟರೆ? ಆ ಭಯಕ್ಕೆ ಮೊದಲು ಬಲಿಯಾಗೋದು ಬಣ್ಣ. ಬಣ್ಣ ತೆಗೆದರೆ ಆಟ ದೊಡ್ಡವರದ್ದಾಗುತ್ತೆ, ಕೊಳೆ ಬಳಿದರೆ ಗಂಭೀರ ಆಗುತ್ತೆ ಅನ್ನೋ ನಂಬಿಕೆ. ನಾವು ಆಟಿಕೆಯನ್ನು ರೂಪಾಂತರ ಮಾಡ್ತಿಲ್ಲ ಸ್ವಾಮಿ, ಬಚ್ಚಿಡ್ತಿದ್ದೀವಿ.

"ವಾರ್‌ಹ್ಯಾಮರ್ ಲೋಕವೇ ಕತ್ತಲೆಯದ್ದು ಗುರು, ಅಲ್ಲಿ ಗುಲಾಬಿ ಎಲ್ಲಿಂದ ಬರುತ್ತೆ?" ಅನ್ನೋ ವಾದ ಬರುತ್ತೆ. ಆ ಕತ್ತಲೆಗೆ ರೂಪ ಕೊಟ್ಟವರಲ್ಲಿ ಮುಖ್ಯ ಕಲಾವಿದ ಜಾನ್ ಬ್ಲಾಂಚ್. ಅವನ ಚಿತ್ರಗಳಲ್ಲಿ ಕಂದು, ಮಾಸಿದ ಹಳದಿ, ರಕ್ತದ ಕೆಂಪು ಹೊಗೆಯಾಡುತ್ತವೆ. ನಿಧಾನವಾಗಿ ನೋಡಿದರೆ ಆ ಕಂದಿನೊಳಗೆ ಎಷ್ಟು ಬಣ್ಣ ಇದೆ ಅಂತ ಗೊತ್ತಾಗುತ್ತೆ. ಅವನಿಗೆ ಅದು ಆಯ್ಕೆ, ನಮಗೆ ಅಭ್ಯಾಸ. ಇನ್ನೊಂದು ವಿಷಯ. 1990ರ ದಶಕದ ವಾರ್‌ಹ್ಯಾಮರ್ ಸೈನ್ಯಗಳ ಫೋಟೋ ತೆಗೆದು ನೋಡಿ. ಕಣ್ಣಿಗೆ ಹೊಡೆಯೋ ಕೆಂಪು, ಹಳದಿ, ನೀಲಿ; ಪ್ರತಿ ಗೊಂಬೆಯ ತಳಕ್ಕೂ ಗಿಳಿಹಸಿರು. ಲೋಕ ಅದೇ ಕತ್ತಲೆಯದ್ದು, ಬಣ್ಣ ಮಾತ್ರ ಜಾತ್ರೆಯದ್ದು. ಆ ಕಾಲದವರಿಗೆ ತಾವು ಆಟ ಆಡ್ತಿದ್ದೀವಿ ಅನ್ನೋದಕ್ಕೆ ನಾಚಿಕೆ ಇದ್ದಂತೆ ಕಾಣಲ್ಲ.

ಇದಕ್ಕಿಂತ ಗಟ್ಟಿಯಾದ ವಾದ ಒಂದಿದೆ, ಅದನ್ನು ಒಪ್ಪಲೇಬೇಕು. ಹಿನ್ನೆಲೆ ಮಂಕಾಗಿದ್ದರೆ ಮುಂದಿನ ಗೊಂಬೆಗಳು ಎದ್ದು ಕಾಣ್ತವೆ. ಕಷ್ಟಪಟ್ಟು ಹತ್ತು ಗಂಟೆ ಬಣ್ಣ ಹಚ್ಚಿದ ಸೈನಿಕ ಗುಲಾಬಿ ಗೋಡೆಯ ಮುಂದೆ ಕಳೆದುಹೋಗಬಾರದು. ಸರಿ. ಆದರೆ ಮಂಕು ಅಂದರೆ ಕಂದು ಅಂತ ಯಾರು ಹೇಳಿದ್ದು? ಮಾಸಿದ ನೀಲಿಯೂ ಮಂಕೇ, ಸುಣ್ಣದ ಬಿಳಿಯೂ ಮಂಕೇ, ಬಿಸಿಲಿಗೆ ಬಾಡಿದ ಗುಲಾಬಿಯೂ ಮಂಕೇ. ಬಣ್ಣದ ತೀವ್ರತೆ ಇಳಿಸಬೇಕೇ ಹೊರತು ಬಣ್ಣವನ್ನೇ ಅಳಿಸಬೇಕಿಲ್ಲ.

ಒಳ್ಳೆ ಕೆಲಸ ಹೇಗಿರುತ್ತೆ ಅಂತ ಒಂದು ಉದಾಹರಣೆ ಕೊಡ್ತೀನಿ. ನನ್ನ ಸ್ನೇಹಿತೆಯೊಬ್ಬಳು ಅಂಥದೇ ಗುಲಾಬಿ ಪ್ಲಾಸ್ಟಿಕ್ ಕೋಟೆ ತಗೊಂಡು ಟೆರೇನ್ ಮಾಡಿದಳು. ಗುಲಾಬಿಯನ್ನು ಉಳಿಸಿಕೊಂಡಳು. ಹೊಳಪು ಹೋಗಿಸಿ, ಸುಣ್ಣಕ್ಕೆ ಬೆರೆಸಿದ ಗುಲಾಬಿಯ ಹಾಗೆ ತಿಳಿ ಮಾಡಿದಳು. ಬಿಸಿಲು ಬೀಳೋ ಮಗ್ಗುಲು ಬಹುತೇಕ ಬಿಳಿ. ಸೂರಿನ ಕೆಳಗೆ, ಬಾಲ್ಕನಿಯ ಒಳಮೈಯಲ್ಲಿ, ಬಿಸಿಲು ತಾಗದ ಕಡೆ ಮಾತ್ರ ಹಳೇ ಗಾಢ ಗುಲಾಬಿ. ಒಂದು ಗೋಪುರದ ಕಿಟಕಿಗೆ ಹಲಗೆ ಹೊಡೆದಿದೆ, ಪಕ್ಕದ ಗೋಪುರದಿಂದ ಒಂದು ದಾರ ಕಟ್ಟಿ ಟಿಶ್ಯೂ ಪೇಪರಿನ ಬಟ್ಟೆ ಒಣಹಾಕಿದೆ. ರಾಜ ಹೋಗಿ ಎಷ್ಟೋ ವರ್ಷ ಆಯ್ತು, ಈಗ ಇಲ್ಲಿ ಯಾರೋ ಸಂಸಾರ ಮಾಡ್ತಿದ್ದಾರೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಅವತ್ತು ಆಟದಲ್ಲಿ ನನ್ನ ತೋಪು ಆ ಗೋಡೆ ಕಡೆ ತಿರುಗಿತ್ತು. ಬೀಳಿಸಿದರೆ ದಾರಿ ಸಲೀಸು, ನಿಯಮವೂ ಬಿಡುತ್ತಿತ್ತು. ದಾಳ ಕೈಯಲ್ಲಿ ಹಿಡಿದು ಒಂದು ನಿಮಿಷ ಸುಮ್ಮನೆ ನಿಂತೆ. ಕಂದು ಬಣ್ಣದ ಯಾವ ಪಾಳುಗೋಡೆಯೂ ನನ್ನನ್ನು ಹಾಗೆ ನಿಲ್ಲಿಸಿದ್ದಿಲ್ಲ. ಈಗಾಗಲೇ ಸತ್ತದ್ದನ್ನು ಕೊಲ್ಲೋಕೆ ಯಾರು ಯೋಚನೆ ಮಾಡ್ತಾರೆ?

ಇದೇ ನನ್ನ ಮುಖ್ಯ ಮಾತು. ಕೊಳೆಗೂ ಕಾಲಕ್ಕೂ ವ್ಯತ್ಯಾಸ ಇದೆ. ಕೊಳೆ ಎಲ್ಲಾ ಕಡೆ ಒಂದೇ ಥರ ಕೂರುತ್ತೆ. ಕಾಲ ಹಾಗಲ್ಲ, ಅದು ಜಾಗ ನೋಡಿ ಕೆಲಸ ಮಾಡುತ್ತೆ. ಬಾಗಿಲಿನ ಹಿಡಿಕೆ ಹತ್ತಿರ ಬಣ್ಣ ಮೊದಲು ಹೋಗುತ್ತೆ, ಕೈ ತಾಗೋದು ಅಲ್ಲಿ. ಮೆಟ್ಟಿಲಿನ ನಡುಭಾಗ ಸವೆಯುತ್ತೆ, ಮೂಲೆ ಸವೆಯಲ್ಲ. ಬೆಂಗಳೂರಲ್ಲಿ ಮಳೆಗಾಲ ಮುಗಿದ ಮೇಲೆ ಯಾವುದಾದರೂ ಹಳೇ ಬಡಾವಣೆಯ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ. ಪ್ಯಾರಪೆಟ್ಟಿನಿಂದ ಇಳಿದ ಕಪ್ಪು ಪಾಚಿಯ ಗೆರೆಗಳು, ಸಜ್ಜೆಯ ಕೆಳಗೆ ಮಾತ್ರ ಉಳಿದ ಪೇಂಟಿನ ಅಸಲಿ ಬಣ್ಣ, ಕಿಟಕಿಯ ಕಂಬಿಯಿಂದ ಕಣ್ಣೀರಿನ ಹಾಗೆ ಇಳಿದ ತುಕ್ಕು, ಗೋಡೆಯ ಬುಡಕ್ಕೆ ಸಿಡಿದ ಕೆಂಪು ಮಣ್ಣು, ಕಿತ್ತ ಪೋಸ್ಟರಿನ ಚೌಕ. ಪಾಠ ಇಷ್ಟೂ ಬಿಟ್ಟಿ. ಅಲ್ಲಿ ತುಕ್ಕು ಇದೆ, ಆದರೆ ಕಬ್ಬಿಣ ಇರೋ ಕಡೆ ಮಾತ್ರ ಇದೆ! ನಮ್ಮ ಮೇಜುಗಳ ಮೇಲೆ ಕಲ್ಲಿಗೂ ತುಕ್ಕು, ಮರಕ್ಕೂ ತುಕ್ಕು.

ಪರದೇಶದ ಆಟ ಅಂತ ಪರದೇಶದ ಹವಾಮಾನವನ್ನೂ ಆಮದು ಮಾಡ್ಕೋಬೇಕಾ? ಆಟ ಇಂಗ್ಲೆಂಡಿನದ್ದೇ ಇರಲಿ, ನಿಯಮ ಅವರದ್ದೇ ಇರಲಿ. ಕಣ್ಣು ನಮ್ಮದು. ಕಣ್ಣು ದಿನಾ ನೋಡಿದ ಗೋಡೆ ಬ್ರಷ್ಷಿನ ತುದಿಗೆ ಬಂದರೆ ಟೆರೇನ್ ತಾನಾಗೇ ನಂಬುವಂತಾಗುತ್ತೆ. ಕಥೆ ಯಾವ ಗ್ರಹದ್ದೇ ಆಗಿರಲಿ, ಮಳೆ ಮೇಲಿಂದಲೇ ಬೀಳುತ್ತೆ ತಾನೇ?

ಅಗ್ಗದ ಪರ ಇಷ್ಟು ಮಾತಾಡಿದೆ ಅಂತ ಅಗ್ಗವೇ ಒಂದು ಗುಣ ಅಂತ ನಾನು ಹೇಳ್ತಿಲ್ಲ. ಬೆಲೆ ಕಮ್ಮಿ ಅನ್ನೋ ಒಂದೇ ಕಾರಣಕ್ಕೆ ಕೆಟ್ಟ ಕೆಲಸವನ್ನು ಹೊಗಳೋದೂ ಒಂದು ಥರದ ಅವಮಾನ. ಹಾಗೇ, ಸಿಕ್ಕಿದ್ದಕ್ಕೆಲ್ಲ ಬಣ್ಣ ಬಳಿಯಬೇಕು ಅಂತಲೂ ಇಲ್ಲ. ಚನ್ನಪಟ್ಟಣದ ಮರದ ಗೊಂಬೆಗೆ ಕಪ್ಪು ಪ್ರೈಮರ್ ಹೊಡೆದ ಒಂದು ಚಿತ್ರ ನೋಡಿದ್ದೆ, ಹೊಟ್ಟೆ ಉರಿಯಿತು. ತಿರುಗಣಿಯ ಮೇಲೆ ಮರ ತಿರುಗುವಾಗ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಉಜ್ಜಿ ಬಂದ ಹೊಳಪು ಅದು. ಆ ಬಣ್ಣವನ್ನು ಒಂದು ಕೈ ಯೋಚಿಸಿ ಹಾಕಿದೆ. ಅಚ್ಚಿನಿಂದ ಉದುರಿದ ಪ್ಲಾಸ್ಟಿಕ್ ಬೇರೆ. ಅದನ್ನು ಯಾರೂ ನಿಂತು ನೋಡಿಲ್ಲ, ಮಗು ಕೂಡ ತಿಂಗಳಿಗೆ ಬೇಜಾರಾಗಿ ಮೂಲೆಗೆ ಎಸೆದಿದೆ. ಆ ಕಡೆ ಮುಂದಿನ ನಿಲ್ದಾಣ ಕಸದ ಗಾಡಿ. ಅಂಥದ್ದನ್ನು ಎತ್ತಿಕೊಂಡು ಮೊದಲ ಸಲ ಗಮನ ಕೊಡೋದರಲ್ಲಿ ಈ ಕಲೆಯ ಮರ್ಯಾದೆ ಇದೆ. ಗಮನ ಕೊಟ್ಟ ಮೇಲೆ ಕಂದು ಬಳಿದು ಮುಗಿಸಿದರೆ ಆ ಗಮನಕ್ಕೆ ಅರ್ಥ ಏನು?

ಇದರಲ್ಲಿ ಇನ್ನೊಂದು ವಿಷಯ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು. ಹೊಸಬರೊಬ್ಬರು ಆಟ ಕಲಿಯೋಕೆ ಬಂದಾಗ ಮೊದಲು ನೋಡೋದು ಮೇಜನ್ನು. ಎಲ್ಲವೂ ಅಧಿಕೃತ ಕಿಟ್, ಎಲ್ಲವೂ ಒಂದೇ ಕಂದು, ಎಲ್ಲವೂ ಪರಿಣತರ ಕೆಲಸ ಅಂತ ಕಂಡರೆ ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, ನಗುತ್ತಾ ಹೊರಟುಹೋಗ್ತಾರೆ. ಅದೇ ಮೇಜಿನ ಮೇಲೆ "ಅರೆ, ಇದು ಆ ಲಾರಿ ಅಲ್ವಾ, ನಮ್ಮನೇಲೂ ಇತ್ತು" ಅನ್ನಿಸೋ ಒಂದು ವಸ್ತು ಕಂಡರೆ ಕುರ್ಚಿ ಎಳೆದುಕೊಂಡು ಕೂರ್ತಾರೆ. ಆಟಿಕೆ ಗುರುತು ಸಿಗಬಾರದು ಅಂತ ನಾವು ಒದ್ದಾಡ್ತೀವಲ್ಲ, ಆ ಗುರುತೇ ಅವರ ಪಾಲಿಗೆ ಬಾಗಿಲು. ಪೂರ್ತಿ ಮುಚ್ಚಿಹೋದ ಆಟಿಕೆಗಿಂತ, ಒಂದು ಕ್ಷಣ ಊರಾಗಿ ಇನ್ನೊಂದು ಕ್ಷಣ ಆಟಿಕೆಯಾಗಿ ಕಾಣೋ ಆಟಿಕೆ ನನಗೆ ದೊಡ್ಡ ಸಾಧನೆ.

ಮುಂದಿನ ಸಲ ಇಂಥ ಟೆರೇನ್ ನೋಡಿದಾಗ, ಅಥವಾ ನೀವೇ ಬ್ರಷ್ ಹಿಡಿದಾಗ, ಎಷ್ಟು ಅಸಲಿಯಾಗಿದೆ ಅಂತ ಕೇಳಬೇಡಿ. ಮೂರು ಪ್ರಶ್ನೆ ಸಾಕು. ಈ ಬಾಗಿಲಲ್ಲಿ ಯಾರು ನುಗ್ಗಬಲ್ಲರು? ಇದನ್ನು ಕೊನೆಗೆ ಮುಟ್ಟಿದವರು ಯಾರು? ಮಳೆ ಯಾವ ಕಡೆಯಿಂದ ಬರುತ್ತೆ? ಮೂರಕ್ಕೂ ಆ ಪ್ಲಾಸ್ಟಿಕ್ ತುಂಡು ಉತ್ತರ ಕೊಟ್ಟರೆ ಕೆಲಸ ಗೆದ್ದಿದೆ, ಆಮೇಲೆ ಅದು ಕಂದಾಗಿದ್ದರೂ ನನ್ನ ತಕರಾರಿಲ್ಲ. ಉತ್ತರ ಬರದಿದ್ದರೆ ಮತ್ತೊಂದು ಕೋಟ್ ತುಕ್ಕು ಬಳಿಯೋ ಮೊದಲು, ಆ ಆಟಿಕೆಯ ಮೂಲ ಬಣ್ಣ ಯಾವುದಿತ್ತು ಅಂತ ಒಂದು ಸಲ ನೆನಪಿಸಿಕೊಳ್ಳಿ.